ಒಂಬತ್ತನೇ ಬೆಡ್ಡಿನ ಸಾರು

ಟೆಂಪರೇಚರ್ ಚಾರ್ಟಿನ ಹಿಂಬದಿ, ನೀಲಿ ಪೆನ್ನು.
ಮೊದಲು ಒಂದು ಪಾತ್ರೆ,
ಪಾತ್ರೆಯೊಳಗೆ ಅಲೆ, ಅಲೆಯೊಳಗೆ ಮೀನು.
ಮೀನಿಗೆ ರೆಪ್ಪೆಗೂದಲು ಕೂಡ ಬರೆದಿದ್ದ ಪುಣ್ಯಾತ್ಮ.

ಪಣಂಬೂರಿಗೆ ಬಂದ ಹಡಗಿನಿಂದ
ಕಾಲು ಮುರಿದುಕೊಂಡು ಇಳಿದವನು,
ಥಾಯ್ಲೆಂಡಿನ ಖಲಾಸಿ.
ಕೇಸ್‌ಶೀಟಿನಲ್ಲಿ ಅವನ ಹೆಸರು ಎರಡು ಸಾಲು;
ನಮಗೆಲ್ಲ ಅವನು ಒಂಬತ್ತನೇ ಬೆಡ್.
ಆಸ್ಪತ್ರೆಯ ಗಂಜಿಗೆ ಕೈಮುಗಿದು, ನಕ್ಕು, ಬದಿಗೆ ಸರಿಸುವನು.
ರಾತ್ರಿ ಎರಡಕ್ಕೆ ಇಂಜೆಕ್ಷನ್ ಕೊಡಲು ಹೋದರೆ
ಹೊಟ್ಟೆ ಮುಟ್ಟಿ ತೋರಿಸಿದ.
ನೋವಾ ಅಂದೆ.
ಅಲ್ಲವೆಂದು ಪೆನ್ನು ಕೇಳಿದ.

ಹುಲ್ಲು ಬರೆದ, ಮೂಗಿಗೆ ಹಿಡಿದಂತೆ ಮಾಡಿ ಕಣ್ಣು ಮುಚ್ಚಿದ:
ಮಜ್ಜಿಗೆ ಹುಲ್ಲು.
ನಮ್ಮ ಬಚ್ಚಲ ನೀರು ಹೋಗುವಲ್ಲಿ ಮೊಣಕಾಲೆತ್ತರ ಉಂಟು.
ಸಣ್ಣ ಮೆಣಸು ಬರೆದು ನಾಲಿಗೆ ಚಾಚಿ ಗಾಳಿ ಹಾಕಿಕೊಂಡ:
ಗಾಂಧಾರಿ, ಮತ್ತೆಂತ.
ತೆಂಗಿನಕಾಯಿಗೆ ಚಿತ್ರವೇ ಇಲ್ಲ,
ಕಿಟಕಿಯಾಚೆ ಕತ್ತಲಿಗೆ ಬೆರಳು ತೋರಿದ,
ಅಲ್ಲಿ ಇದ್ದೇ ಇರುತ್ತದೆ ಎಂಬ ಧೈರ್ಯ.
ಹುಳಿಗೆ ಮುಖ ಕಿವಿಚಿದ.
ಆ ಮುಖಕ್ಕೆ ಎಂಟನೇ ಬೆಡ್ಡಿನ ಅಜ್ಜನೂ ಎದ್ದು ನಕ್ಕ.
ಒಂದು ಬಾಟಲಿ, ಅದರೊಳಗೂ ಮೀನು.
ಕೊನೆಗೆ ಒಂದು ಎಲೆ, ಅದರ ಬಾಲಕ್ಕೆ ಇನ್ನೊಂದು ಎಲೆ,
ಎಂಟರ ಅಂಕೆಯನ್ನು ಹಿಡಿದೆಳೆದ ಹಾಗೆ.
ಇದೆಂತ?
ಅದನ್ನೇ ಮತ್ತೆ ದೊಡ್ಡದಾಗಿ ಬರೆದ.
ನನಗೆ ಹೊಳೆಯಲಿಲ್ಲ. ಆಚೆ ಯಾರದೋ ಡ್ರಿಪ್ ಮುಗಿದಿತ್ತು.
ಚಾರ್ಟು ಮಡಿಚಿ ಜೇಬಿಗೆ ಹಾಕಿದೆ,
ಬೆಳಗ್ಗೆ ಅವನ ಜ್ವರವನ್ನೆಲ್ಲ ಹೊಸ ಚಾರ್ಟಿಗೆ ನಕಲು ಮಾಡಿದೆ.

ಗುರುವಾರ ರಜೆ.
ಸೇಸಕ್ಕನ ಬುಟ್ಟಿಯಲ್ಲಿ ಕಾಣೆ, ಕಿವಿರು ಕೆಂಪು.
"ಗಸಿಗಾ, ಫ್ರೈಗಾ?"
ಹಡಗಿನವರ ಸಾರಿಗೆ ಎಂದುಬಿಟ್ಟೆ;
ಇನ್ನು ಬೋಳಾರಕ್ಕೆಲ್ಲ ಸುದ್ದಿ.

"ಅರೆಯಲಿಕ್ಕೆ ಎಂತೆಂತ ಹಾಕಲಿ?"
ಅರೆಯುವುದಿಲ್ಲ ಅತ್ತೆ.
"ಕೊತ್ತಂಬರಿ ಹುರಿಯುವುದು?"
ಇಲ್ಲ.
"ಅರೆಯದಿದ್ದರೆ ಅದಕ್ಕೆ ಮೀನಿನ ಸಾರು ಅನ್ನುವುದಾ,
ಮೀನಿನ ಸ್ನಾನ ಅನ್ನುವುದಾ?"

ಹುಲ್ಲಿನ ಬುಡ ಜಜ್ಜಿದೆ, ಶುಂಠಿ ಬಿಲ್ಲೆ ಮಾಡಿದೆ,
ನೀರು ಒಲೆಗಿಟ್ಟು ಹಿತ್ತಿಲಿಗೆ ಹೋದೆ, ಬಿಂಬುಳಿ ಕೊಯ್ಯಲು.
ಆಗ ಕಂಡಿತು.
ಐರಿನ್ ಬಾಯಿಯ ಚಕ್ಕೋತದ ಗೆಲ್ಲು
ಕಾಂಪೌಂಡ್ ದಾಟಿ ನಮ್ಮ ಬಟ್ಟೆಹಗ್ಗದ ಮೇಲೆ.
ಹನ್ನೊಂದು ವರ್ಷ ಅದರಡಿ ಯೂನಿಫಾರ್ಮ್ ಒಣಗಿಸಿದ್ದೇನೆ,
ಕಸ ಬೀಳುತ್ತದೆಂದು ಎರಡು ಸಲ ಜಗಳವನ್ನೂ ಆಡಿದ್ದೇನೆ,
ಎಲೆಯನ್ನು ನೋಡಿದ್ದಿಲ್ಲ:
ಬಾಲಕ್ಕೆ ಇನ್ನೊಂದು ಎಲೆ.
ಅವನು ಬರೆದದ್ದು ಇದೇ ಅಲ್ಲದಿರಬಹುದು,
ಅದರ ದೊಡ್ಡಪ್ಪನ ಮಗನಾದರೂ ಹೌದು.
ಕಿತ್ತು ತಿಕ್ಕಿ ಮೂಗಿಗೆ ಹಿಡಿದೆ.
ಕಣ್ಣು ತಾನಾಗಿ ಮುಚ್ಚಿತು.

ಆಮೇಲೆ ಎಲ್ಲ ಸೇರಿ ಹದಿನೈದು ನಿಮಿಷ.
ಹುಲ್ಲು, ಎಲೆ ಕುದಿದ ನೀರಿಗೆ ಬಿಂಬುಳಿ,
ಸೀಳಿದ ಗಾಂಧಾರಿ ಆರು, ಇರಲಿ ಏಳು,
ಬಾಟಲಿಯ ಮೀನಿಗೆ ಬದಲು ಹುರಿದ ಒಣ ಸಿಗಡಿ ಒಂದು ಹಿಡಿ.
ಕಾಣೆ ಬಿದ್ದ ಮೇಲೆ ಸೌಟು ಮುಟ್ಟಬಾರದು.
ಉರಿ ಇಳಿಸಿ, ದಪ್ಪ ಕಾಯಿಹಾಲು.

ಅತ್ತೆ ಒಂದು ಗುಟುಕು ಕುಡಿದರು. ಎರಡು.
ಮೂರನೆಯದಕ್ಕೆ ಸೆರಗಿನಿಂದ ಮೂಗು ಒರೆಸಿ
"ಪಾಪ, ಗಸಿಯಾಗಲು ಇನ್ನೂ ಮನಸ್ಸು ಮಾಡಿಲ್ಲ ಇದು" ಎಂದು
ಖಾಲಿ ಬಟ್ಟಲು ಮುಂದೆ ಚಾಚಿದರು.

ಸಂಜೆ ಸಿಟಿ ಬಸ್ಸಿನಲ್ಲಿ, ತೊಡೆಯ ಮೇಲೆ ಬಿಸಿ ತೂಕುಪಾತ್ರೆ,
ಪಕ್ಕದವಳು ಎರಡು ಸಲ ಮೂಸಿ ನೋಡಿದಳು.
ಒಂಬತ್ತನೇ ಬೆಡ್ ಎದ್ದು ಕೂತ.
ಮಾತಿಲ್ಲ, ಕತೆಯಿಲ್ಲ, ತಳ ಕಾಣುವವರೆಗೆ ಕುಡಿದ;
ಎಂಟನೇ ಬೆಡ್ಡಿನ ಅಜ್ಜ ಸ್ಟೀಲಿನ ಲೋಟ ಹಿಡಿದು ಕಾದದ್ದೇ ಬಂತು,
ಅವನಿಗೆ ಅರ್ಧ ಲೋಟ.
ಆಮೇಲೆ ಖಲಾಸಿ ಬೆರಳು ನೆಕ್ಕಿ, ತುಸು ಯೋಚಿಸಿ, ಪೆನ್ನು ಕೇಳಿದ.
ದುಂಡಗೆ ಏನೋ ಬರೆದ, ಸುತ್ತ ಒಣ ಗರಿ ಸುತ್ತಿದ.
ಓಲೆಬೆಲ್ಲ!
ಮನೆಯ ಡಬ್ಬಿಯಲ್ಲೇ ಇತ್ತು, ಅತ್ತೆಯ ಕೆಮ್ಮಿಗೆಂದು.

ಇವನಿಗೂ ಅವರಿಗೂ ಎಲ್ಲಿಯ ನೆಂಟಸ್ತಿಕೆಯೋ,
ಕುಂದು ಹೇಳುವುದು ಮುಗಿಸಿ ಕುಡಿದ ಮೇಲೆ.

ಇರಲಿ.
ಪ್ಲಾಸ್ಟರ್ ಬಿಚ್ಚಲು ಇನ್ನೂ ಒಂಬತ್ತು ದಿನ ಉಂಟು.